ಹಸಿರು ಗುರುತು ಬಾರದ ಎರಡು ದಿನ

ಹೋದ ವರ್ಷ ಶ್ರಾವಣದ ಮಾತು. ನಾನು ಆಗ ಮಾಯಸಂದ್ರದ ಪಕ್ಕದ ನಮ್ಮೂರಿನಲ್ಲಿ ಒಂಬತ್ತು ಜನ ಹೆಂಗಸರ ಕೊಬ್ಬರಿ ಶೆಡ್ಡಿಗೆ ಮೇಲ್ವಿಚಾರಕಿ. ಕಾಗದದಲ್ಲಿ ಮೇಲ್ವಿಚಾರಕಿ, ಜನರ ಬಾಯಲ್ಲಿ ಮೇಸ್ತ್ರಿ ಅಜ್ಜಿ. ಹೆಸರು ಶಿವಗಂಗಮ್ಮ, ವಯಸ್ಸು ಅರವತ್ತೇಳು, ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಅಂಕಿ ಓದುತ್ತೇನೆ. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಗುರುತು ಸಿಗುತ್ತವೆ, ಕೂಡಿಸಿ ಅರ್ಥ ಮಾಡಲು ಬರುವುದಿಲ್ಲ. ಇಷ್ಟು ಬಂಡವಾಳದಲ್ಲಿ ಒಂದು ಕಂಪ್ಯೂಟರಿಗೂ ಒಂದು ಮೊಬೈಲಿಗೂ ಬಿದ್ದ ಜಗಳವನ್ನು ಹೇಗೆ ಬಿಡಿಸಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೆಲಸ ಏನು ಎಂದು ಹೇಳಬೇಕು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸಿಪ್ಪೆ ಸುಲಿದು, ಕರಟ ಒಡೆದು, ಉಂಡೆಗೆ ಏಟು ಬೀಳದ ಹಾಗೆ ಈಚೆಗೆ ತೆಗೆದು, ಗಾತ್ರ ಬಣ್ಣ ನೋಡಿ ದರ್ಜೆ ಮಾಡಿ ಚೀಲ ತುಂಬುವುದು ನಮ್ಮ ಶೆಡ್ಡಿನ ಕೆಲಸ. ಒಡೆಯುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ದರ್ಜೆ ಮಾಡಲು ಕಣ್ಣು, ಕಿವಿ, ಮೂಗು ಮೂರೂ ಬೇಕು.

ಕೊಬ್ಬರಿ ಕೊಳ್ಳುವ ಕಂಪನಿಯವರು ಎರಡು ವರ್ಷದ ಹಿಂದೆ ಒಂದು ಹೊಸ ಪದ್ಧತಿ ತಂದರು. ಶೆಡ್ಡಿನಲ್ಲಿ ಒಂದು ಕಂಪ್ಯೂಟರು, ಒಂದು ಮೊಬೈಲು. ಕಂಪ್ಯೂಟರಿನ ಬ್ರೌಸರಿನಲ್ಲಿ, ಅಂದರೆ ವೆಬ್‌ಸೈಟು ತೆರೆದು ನೋಡುವ ಕಿಟಕಿಯಲ್ಲಿ, ಕಂಪನಿಯ ಪೇಜು ತೆರೆಯಬೇಕು. ಚೀಲದ ತೂಕ, ದರ್ಜೆ ಅಲ್ಲಿ ಹಾಕಬೇಕು. ಮೊಬೈಲಿನ ಆ್ಯಪಿನಲ್ಲಿ ಚೀಲದ ಫೋಟೊ ಹಿಡಿಯಬೇಕು. ಎರಡೂ ಒಂದಕ್ಕೊಂದು ಸೇರಲು ದಿನಾ ಬೆಳಿಗ್ಗೆ ಒಂದು ಶಾಸ್ತ್ರ: ಪೇಜಿನಲ್ಲಿ ಕಪ್ಪುಬಿಳುಪಿನ ಚೌಕ ಬರುತ್ತದೆ, ಅದಕ್ಕೆ ಕ್ಯೂಆರ್ ಕೋಡ್ ಎನ್ನುತ್ತಾರೆ. ಅದರ ಮುಂದೆ ಮೊಬೈಲು ಹಿಡಿದರೆ ಪೇಜಿನಲ್ಲಿ ಹಸಿರು ಗುರುತು ಬೀಳುತ್ತದೆ. ಹಸಿರು ಬಿದ್ದ ಮೇಲೆ ಪ್ರತಿ ಚೀಲಕ್ಕೂ ಸ್ಟಿಕ್ಕರು ಪ್ರಿಂಟಾಗುತ್ತದೆ. ಸ್ಟಿಕ್ಕರಿಲ್ಲದ ಚೀಲವನ್ನು ಲಾರಿಯವನು ಮುಟ್ಟುವುದಿಲ್ಲ.

ಒಂದು ಗುರುವಾರ ಬೆಳಿಗ್ಗೆ ಹಸಿರು ಬೀಳಲಿಲ್ಲ.

ಕಂಪ್ಯೂಟರು ಮೊಬೈಲು ಎರಡನ್ನೂ ನೋಡಿಕೊಳ್ಳುತ್ತಿದ್ದವಳು ಗಿರಿಜಾ. ಪಿಯುಸಿ ಓದಿದ್ದಾಳೆ, ಎರಡು ಮಕ್ಕಳ ತಾಯಿ, ಬೆರಳು ಚುರುಕು, ಬಾಯಿ ಮೆತ್ತಗೆ. ಮೊಬೈಲು ಹಿಡಿದಳು, ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಸಾಲೊಂದು ಬಂತು. ಮತ್ತೆ ಹಿಡಿದಳು, ಅದೇ ಸಾಲು. ಹತ್ತು ಸಲ ಹಿಡಿದಳು.

"ಏನಂತದೆ?" ಎಂದೆ.

"ಕನೆಕ್ಟ್ ಆಗಲ್ವಂತೆ ಅಜ್ಜಿ."

ತಿಪಟೂರಿನಲ್ಲಿರುವ ಕಂಪನಿಯ ಸೂಪರ್‌ವೈಸರ್ ಮಂಜುನಾಥನಿಗೆ ಫೋನ್ ಮಾಡಿದೆವು. ಅವನ ಹತ್ತಿರ ಹನ್ನೊಂದು ಅಂಶದ ಒಂದು ಪಟ್ಟಿ ಇತ್ತು. ನಮ್ಮ ಗೋಡೆಗೂ ಅದರದೊಂದು ಕಾಪಿ ಅಂಟಿಸಿ ಹೋಗಿದ್ದ. ನೆಟ್ ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆವು. ಪೇಜು ಮುಚ್ಚಿ ತೆರೆಯಿರಿ, ಬ್ರೌಸರಿನ ಹಳೆಯ ನೆನಪು ಅಳಿಸಿ, ಬೇರೆ ಬ್ರೌಸರಿನಲ್ಲಿ ತೆರೆಯಿರಿ, ಆ್ಯಪ್ ತೆಗೆದು ಹೊಸದಾಗಿ ಹಾಕಿ, ಕ್ಯಾಮೆರಾಕ್ಕೆ ಅನುಮತಿ ಇದೆಯಾ ನೋಡಿ. ಹನ್ನೊಂದನ್ನೂ ಮಾಡಿ ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಊಟವಾಗಿತ್ತು. ಕೆಂಪು ಸಾಲು ಹಾಗೇ ಇತ್ತು.

ಮಂಜುನಾಥನ ಸಹನೆ ಮುಗಿಯಿತು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಗಿರಿಜಾ, ಏನೋ ಒತ್ತಿದ್ದೀಯಾ ನೀನು. ಗೊತ್ತಿಲ್ದೆ ಇದ್ರೆ ಮುಟ್ಬಾರ್ದು."

ಗಿರಿಜಾ ತಲೆ ತಗ್ಗಿಸಿದಳು. ನಾನು ಫೋನು ಕಿತ್ತುಕೊಂಡೆ.

"ಅವ್ಳು ಏನೂ ಒತ್ತಿಲ್ಲ ಕಣಪ್ಪ. ನಿನ್ ಮಿಷನ್ನು ಕೆಟ್ಟೈತೆ, ಬಂದು ನೋಡು."

"ಶನಿವಾರ ಬತ್ತೀನಿ ಅಜ್ಜಿ. ಲಾರಿನೂ ಅವತ್ತೇ. ಹಸಿರು ಬರ್ಲಿಲ್ಲ ಅಂದ್ರೆ ಶೆಡ್ಡನ್ನ ಒಬ್ರು ಕಾಂಟ್ರಾಕ್ಟರಿಗೆ ವಹಿಸ್ತೀವಿ. ಆಫೀಸ್ನೋರು ಆವಾಗ್ಲೇ ಮಾತಾಡವ್ರೆ. ನಿಮ್ಗೂ ವಯಸ್ಸಾಯ್ತು, ಆರಾಮಾಗಿರಿ."

ಫೋನ್ ಇಟ್ಟ. ಕಾಂಟ್ರಾಕ್ಟರ್ ಬಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಹೋಬಳಿಯ ಒಂದು ಶೆಡ್ಡಿನಲ್ಲಿ ಆಗಿತ್ತು. ದರ್ಜೆ ಮಾಡಲು ಅವನ ಕಡೆಯ ಗಂಡಸರು ಬಂದರು, ಹೆಂಗಸರಿಗೆ ಕರಟ ಒಡೆಯುವುದು ಮಾತ್ರ ಉಳಿಯಿತು, ಅದೂ ಕರೆದ ದಿನ. ಆರು ವರ್ಷ ಕಟ್ಟಿದ ಶೆಡ್ಡು ನಮ್ಮದು. ಒಂದು ಕೆಂಪು ಸಾಲಿಗೆ ಅದನ್ನು ಬಿಟ್ಟುಕೊಡುವ ಯೋಚನೆ ನನಗಿರಲಿಲ್ಲ. ಮೇಲಾಗಿ ಶ್ರಾವಣದ ತೇವ. ಕರಟದಿಂದ ಈಚೆ ಬಂದ ಉಂಡೆ ಹೆಚ್ಚು ದಿನ ಚೀಲದಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಒರಗಿಸಿದ ಮೂವತ್ತೆಂಟು ಚೀಲ ನನ್ನನ್ನೇ ನೋಡುತ್ತಿದ್ದವು.

ಕೊಬ್ಬರಿ ಚೀಲದಿಂದ ಕಮಟು ವಾಸನೆ ಬಂದರೆ ನಾವು ಚೀಲವನ್ನು ಆಚೆ ಎಸೆಯುವುದಿಲ್ಲ. ಅರ್ಧ ಈಚೆಗೆ ಸುರಿದು, ಯಾವ ಅರ್ಧದಲ್ಲಿ ವಾಸನೆ ಇದೆ ಎಂದು ಮೂಸುತ್ತೇವೆ. ವಾಸನೆ ಇರುವ ಭಾಗವನ್ನು ಮತ್ತೆ ಅರ್ಧ ಮಾಡುತ್ತೇವೆ. ನಾಲ್ಕೈದು ಸಲ ಮಾಡಿದರೆ ಕೆಟ್ಟ ಉಂಡೆ ಕೈಗೆ ಸಿಗುತ್ತದೆ. ಇದೂ ಹಾಗೇ ಏಕಿರಬಾರದು ಎಂದುಕೊಂಡೆ. ಎಷ್ಟು ವಸ್ತು ಇದೆ ಇಲ್ಲಿ? ನೆಟ್ಟು, ಬ್ರೌಸರು, ಕಂಪ್ಯೂಟರು, ಮೊಬೈಲು. ನಾಲ್ಕೇ.

"ಗಿರಿಜಾ, ನಿನ್ ಸ್ವಂತ ಫೋನಿನ ನೆಟ್ಟು ಇದಕ್ಕೆ ಕೊಡು" ಎಂದೆ. ಕೊಟ್ಟಳು, ಕೆಂಪೇ. ಹಾಗಾದರೆ ನೆಟ್ಟು ನಿರಪರಾಧಿ. ಬ್ರೌಸರು ಬದಲಾಯಿಸಿ ಆಗಿತ್ತು, ಅದೂ ನಿರಪರಾಧಿ. ಉಳಿದದ್ದು ಕಂಪ್ಯೂಟರು ಮತ್ತು ಮೊಬೈಲು. ಬೇರೆ ಮೊಬೈಲಿನಲ್ಲಿ ನೋಡೋಣ ಎಂದರೆ ಸಾಧ್ಯವಿಲ್ಲ, ಕಂಪನಿ ಒಂದು ಶೆಡ್ಡಿಗೆ ಒಂದೇ ಮೊಬೈಲನ್ನು ಒಪ್ಪುತ್ತದೆ. ಬೇರೆ ಕಂಪ್ಯೂಟರಿನಲ್ಲಿ ನೋಡಬಹುದು.

"ತುರುವೇಕೆರೆನಾಗೆ ಕಂಪ್ಯೂಟರ್ ಅಂಗಡಿ ಐತಲ್ಲ ಅಜ್ಜಿ" ಎಂದಳು ಲಲಿತ. ಲಲಿತ ನಮ್ಮಲ್ಲಿ ಕರಟ ಒಡೆಯುವವಳು, ಸಲಹೆ ಕೊಡುವುದರಲ್ಲಿ ಎಲ್ಲರಿಗಿಂತ ಮುಂದು, ಬರುವುದರಲ್ಲಿ ಎಲ್ಲರಿಗಿಂತ ಹಿಂದು.

"ಆ ಕಂಪ್ಯೂಟರಿನ ಗುಣ ನಂಗೊತ್ತಿಲ್ಲ ಕಣೇ. ಅಲ್ಲೂ ಆಗ್ಲಿಲ್ಲ ಅಂದ್ರೆ, ಕೆಟ್ಟಿರೋದು ನಮ್ದಾ ಅವರ್ದಾ? ಇವತ್ತು ಹಸಿರು ಬಂದಿರೋ ಕಂಪ್ಯೂಟರೇ ಬೇಕು."

ಅಂಥದ್ದು ಇರುವುದು ಗೊತ್ತಿದ್ದ ಜಾಗ ಕಂದಿಕೆರೆ. ಅಲ್ಲಿ ಇದೇ ಕಂಪನಿಯ ಇನ್ನೊಂದು ಹೆಂಗಸರ ಶೆಡ್ಡಿದೆ. ಅದರ ಕಂಪ್ಯೂಟರ್ ನೋಡುವವಳು ಜಬೀನಾ, ಚಿಕ್ಕನಾಯಕನಹಳ್ಳಿಯ ಟೈಲರ್ ಮನೆಯ ಸೊಸೆ, ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದವಳು. ಫೋನ್ ಮಾಡಿದೆ. "ನಮ್ದು ಬೆಳಿಗ್ಗೆ ಒಂದೇ ಸಲಕ್ಕೆ ಹಸಿರು ಬಂತಲ್ಲ ಅಜ್ಜಿ, ಬನ್ನಿ" ಎಂದಳು.

ಶುಕ್ರವಾರ ಬೆಳಿಗ್ಗೆ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಗಿರಿಜಾ ನಮ್ಮ ಶೆಡ್ಡಿನ ಐಡಿ, ಪಾಸ್‌ವರ್ಡು ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. ನೀನೂ ಬಾ ಎಂದರೆ ಬರಲಿಲ್ಲ, ಹಿಂದಿನ ದಿನದಿಂದ ಸರಿಯಾಗಿ ಮಾತೂ ಆಡುತ್ತಿರಲಿಲ್ಲ. ಮಂಜುನಾಥ ಬೈದದ್ದಕ್ಕೆ ಹೀಗಿದ್ದಾಳೆ ಎಂದುಕೊಂಡೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಹೀಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಕಂದಿಕೆರೆ ಮುಟ್ಟುವಾಗ ಹನ್ನೆರಡರ ಬಿಸಿಲು.

ಜಬೀನಾ ಮೊದಲು ಅವರ ಪೇಜು, ಅವರ ಮೊಬೈಲು ಹಿಡಿದು ತೋರಿಸಿದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಹಸಿರು. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಚೀಟಿ ನೋಡಿ ನಮ್ಮ ಶೆಡ್ಡಿನ ಪೇಜು ತೆರೆದಳು. ನಮ್ಮ ಮೊಬೈಲು ಹಿಡಿದಳು. ಕೆಂಪು.

"ಸರಿ" ಎಂದೆ. "ಕಾಯಿಲೆ ನನ್ ಜೊತೇಲೇ ಬಸ್ ಹತ್ಕೊಂಡು ಬಂದೈತೆ. ಮೊಬೈಲಿನದೇ."

"ಹಂಗಾರೆ ಹೊಸ ಮೊಬೈಲ್ ಕೇಳ್ಬೇಕು ಅಜ್ಜಿ. ಅರ್ಜಿ ಹಾಕಿದ್ರೆ ಹದಿನೈದು ದಿನ."

"ನಾಳೆ ಶನಿವಾರ. ಹದಿನೈದು ದಿನ ಯಾರಿಗೈತೆ? ಆ ಕೆಂಪು ಸಾಲು ಏನು ಹೇಳ್ತದೆ, ಅಕ್ಷರ ಅಕ್ಷರ ಓದಿ ಕನ್ನಡದಾಗೆ ಹೇಳು. ಆಗಲ್ವಂತೆ ಅಂತ ಹೇಳ್ಬೇಡ."

ಜಬೀನಾ ಕನ್ನಡಕ ಸರಿ ಮಾಡಿಕೊಂಡು ಓದಿದಳು. "ಈ ಕೋಡಿನ ಅವಧಿ ಮುಗಿದಿದೆ, ಹೊಸ ಕೋಡು ತೆಗೆದುಕೊಳ್ಳಿ. ಅಷ್ಟೇ."

"ಒಂದು ಕೋಡು ಎಷ್ಟೊತ್ತು ಇರ್ತದೆ?"

"ಎರಡು ನಿಮಿಷ. ಪೇಜಿನ ಕೆಳಗೇ ಬರ್ದವ್ರೆ."

"ಹೊಸದು ತೆಗಿ."

ತೆಗೆದಳು. ಬಂದ ತಕ್ಷಣ ನಾನೇ ಮೊಬೈಲು ಹಿಡಿದೆ. ಎರಡು ನಿಮಿಷ ಬೇಡ, ಎರಡು ಉಸಿರು ಆಗಿರಲಿಲ್ಲ. ಅವಧಿ ಮುಗಿದಿದೆ ಎಂದು ಮತ್ತೆ ಕೆಂಪು.

ನನಗೆ ಸಿಟ್ಟು ಬಂತು. "ಈಗ ಹುಟ್ಟೈತೆ ಅದು! ಮುಗಿಯೋಕೆ ಹೆಂಗೆ ಸಾಧ್ಯ? ಯಾವ ಗಡಿಯಾರ ನೋಡ್ಕೊಂಡು ಮುಗೀತು ಅಂತದೆ ಈ ಮುಂಡೇದು?"

ಹಾಗೆ ಬೈದವಳು ಅಲ್ಲೇ ನಿಂತೆ. ಕಂಪ್ಯೂಟರಿನ ಮೂಲೆಯಲ್ಲಿ ಅಂಕಿ ನೋಡಿದೆ, ಹನ್ನೆರಡು ಹದಿನೆಂಟು. ಮೊಬೈಲಿನ ನೆತ್ತಿಯ ಮೇಲೆ ನೋಡಿದೆ, ಹನ್ನೆರಡು ನಲವತ್ತಮೂರು.

ಹನ್ನೆರಡು ಹದಿನೆಂಟಕ್ಕೆ ಹುಟ್ಟಿ ಹನ್ನೆರಡು ಇಪ್ಪತ್ತಕ್ಕೆ ಸಾಯುವ ಕೋಡನ್ನು, ಹನ್ನೆರಡು ನಲವತ್ತಮೂರರಲ್ಲಿ ಕೂತ ಮೊಬೈಲಿಗೆ ತೋರಿಸಿದರೆ ಅದು ಇನ್ನೇನು ಹೇಳುತ್ತದೆ? ಅದರ ಮಾತು ಸರಿಯಾಗಿಯೇ ಇತ್ತು. ಮೊಬೈಲನ್ನು ಅಲ್ಲಿ ಕೂರಿಸಿದವಳು ನಾನು.

ನಮ್ಮ ಕಡೆ ಮನೆಯ ಗಡಿಯಾರ ಹತ್ತು ನಿಮಿಷ ಮುಂದಿರುವುದು ಮಾಮೂಲು. ಬಸ್ಸು ತಪ್ಪಬಾರದು, ಡೈರಿಗೆ ಹಾಲು ಹಾಕುವುದು ತಪ್ಪಬಾರದು. ಶೆಡ್ಡಿನ ಗೋಡೆ ಗಡಿಯಾರವನ್ನು ನಾನು ಇಪ್ಪತ್ತೈದು ನಿಮಿಷ ಮುಂದಿಟ್ಟಿದ್ದೆ, ಒಂಬತ್ತು ಜನರ ಸೋಮಾರಿತನ ಸೇರಿಸಿ ಲೆಕ್ಕ ಹಾಕಿ. ಆ ಬುಧವಾರ ಲಲಿತ ತಡವಾಗಿ ಬಂದು, ಮೇಜಿನ ಮೇಲಿದ್ದ ಕಂಪನಿ ಮೊಬೈಲು ಎತ್ತಿ ನನ್ನ ಮುಖಕ್ಕೆ ಹಿಡಿದು, "ನೋಡಿ ಅಜ್ಜಿ, ಇನ್ನೂ ಒಂಬತ್ತೇ ಆಗಿಲ್ಲ, ನಿಮ್ ಗೋಡೆ ಸುಳ್ಳು ಹೇಳ್ತದೆ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ನನಗೆ ಉರಿಯಿತು. ಸಂಜೆ ಗಿರಿಜಾಳನ್ನು ಕರೆದು, "ಆ ಮೊಬೈಲನ್ನೂ ಗೋಡೆಗೆ ಸರಿ ಮಾಡು, ನಾಳೆಯಿಂದ ಒಬ್ಬರೂ ನೆಪ ಹೇಳ್ಬಾರ್ದು" ಎಂದೆ. ಮೊಬೈಲು ತಾನಾಗಿ ಟೈಮ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಿಂದ ಮುಂದಕ್ಕೆ ತಳ್ಳಿ ಕೊಟ್ಟಳು. ಮರುದಿನದಿಂದ ಕೆಂಪು.

ಜಬೀನಾಗೆ ಹೇಳಿದೆ. ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾವೆಲ್ಲ ಇಲ್ಲಿದ್ರೆ ನೀವೊಬ್ರೇ ಇಪ್ಪತ್ತೈದು ನಿಮಿಷ ಮುಂದೆ ಬಾಳ್ತಿದ್ರಿ ಬುಡಿ ಅಜ್ಜಿ!" ಎಂದಳು. ಸೆಟ್ಟಿಂಗಿಗೆ ಹೋಗಿ ಮೊಬೈಲು ತಾನೇ ಟೈಮ್ ತೆಗೆದುಕೊಳ್ಳುವ ಹಾಗೆ ಮಾಡಿದಳು. ಹೊಸ ಕೋಡು ತೆಗೆದು ಹಿಡಿದಳು. ಹಸಿರು.

ಸಂತೋಷವಾಗಬೇಕಿತ್ತು, ಆಗಲಿಲ್ಲ. "ಅವ್ಳು ಏನೂ ಒತ್ತಿಲ್ಲ" ಎಂದು ಮಂಜುನಾಥನಿಗೆ ಎದೆ ತಟ್ಟಿ ಹೇಳಿದ್ದೆ. ಒತ್ತಿದ್ದಳು. ಒತ್ತಿಸಿದ್ದು ನಾನು.

ಸಂಜೆ ಶೆಡ್ಡಿಗೆ ಬಂದು ಎಲ್ಲರ ಮುಂದೆ ವಿಷಯ ಹೇಳಿದೆ. ಲಲಿತ ಬಾಯಿಗೆ ಕೈ ಇಟ್ಟುಕೊಂಡಳು. ಗಿರಿಜಾ ಅಳಲು ಶುರು ಮಾಡಿದಳು.

"ನಂಗೆ ಗುರುವಾರನೇ ಅನುಮಾನ ಬಂತು ಅಜ್ಜಿ. ಟೈಮ್ ಮುಟ್ಟಿದ್ದಕ್ಕೇ ಇರ್ಬೋದಾ ಅಂತ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಟೈಮ್ ಹಿಂದಕ್ಕಿಟ್ರೆ ನೀವು ಬೈತೀರ. ಟೈಮ್ ಮುಟ್ಟಿದ್ದೆ ಅಂದ್ರೆ ಅವ್ರು ಬೈತಾರೆ. ಎಲ್ಲಿಗೆ ಹೋಗ್ಲಿ ನಾನು?"

ಕಂದಿಕೆರೆವರೆಗೆ ಹೋಗಿ ನಾನು ಹುಡುಕಿದ ಕಾರಣ ನನ್ನ ಎದುರಿಗೇ ಕುಳಿತು, ನನಗೇ ಹೆದರಿ, ಎರಡು ದಿನ ಬಾಯಿ ಮುಚ್ಚಿಕೊಂಡಿತ್ತು.

ಕಣ್ಣೊರೆಸಿಕೊಂಡು ಗಿರಿಜಾ ಇನ್ನೊಂದು ಮಾತು ಹೇಳಿದಳು. "ನಾಳೆ ಮಂಜುನಾಥ್ ಸಾರ್ ಬಂದ್ರೆ ನೆಟ್ ಬಂತು ಅಂದ್ಬುಡಿ ಅಜ್ಜಿ. ನಾವೇ ಮುಟ್ಟಿದ್ದು ಅಂತ ಗೊತ್ತಾದ್ರೆ ಅದನ್ನೇ ಹಿಡ್ಕೊಂಡು ಶೆಡ್ಡು ಕಿತ್ಕೊತಾರೆ." ಉಳಿದವರೂ ಹೂಂ ಹೂಂ ಎಂದರು. ಅವರ ಮಾತು ತಪ್ಪೇನಲ್ಲ. ನಾನು ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೋದೆ.

ಶನಿವಾರ ಹತ್ತು ಗಂಟೆಗೆ ಮಂಜುನಾಥ ಬಂದ. ಜೊತೆಗೆ ಇಸ್ತ್ರಿ ಮಾಡಿದ ಶರಟಿನ ಕಾಂಟ್ರಾಕ್ಟರು, ಕೈಯಲ್ಲಿ ಶೆಡ್ಡು ಬಿಟ್ಟುಕೊಡುತ್ತೇವೆ ಎಂದು ನಾನು ಸಹಿ ಮಾಡಬೇಕಾದ ಕಾಗದ. ಹಿಂದೆಯೇ ಲಾರಿ. ಒಳಗೆ ಕಾಲಿಟ್ಟವನಿಗೆ ಪೇಜಿನಲ್ಲಿ ಹಸಿರು ಕಂಡಿತು, ಪ್ರಿಂಟರಿನಿಂದ ಸ್ಟಿಕ್ಕರು ಈಚೆ ಬರುತ್ತಿರುವುದೂ ಕಂಡಿತು.

"ಏನಜ್ಜಿ, ನೆಟ್ ಬಂತಾ?" ಎಂದ.

ಸುಳ್ಳನ್ನು ಅವನೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದ. ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ಹಾಗೆಂದರೆ, ಏನೋ ಒತ್ತಿದ್ದೀಯಾ ಎಂದು ಸ್ಪೀಕರಿನಲ್ಲಿ ಬಿದ್ದ ಮಾತು ಗಿರಿಜಾಳ ತಲೆಯ ಮೇಲೆ ಹಾಗೇ ಉಳಿಯುತ್ತಿತ್ತು. ನಾಳೆ ಇನ್ನೊಂದು ಶೆಡ್ಡಿನಲ್ಲಿ ಇದೇ ಆದರೆ ಅವರೂ ಹನ್ನೊಂದು ಅಂಶ ಮಾಡಿ ಮಾಡಿ ಸಾಯುತ್ತಿದ್ದರು.

"ನೆಟ್ ಹೋಗಿರಲೇ ಇಲ್ಲ ಕಣಪ್ಪ" ಎಂದೆ. "ಮೊಬೈಲಿನ ಟೈಮನ್ನ ಇಪ್ಪತ್ತೈದು ನಿಮಿಷ ಮುಂದಕ್ಕೆ ಇಡ್ಸಿದ್ದೆ. ನಿನ್ ಕೋಡು ಬದುಕೋದು ಎರಡು ನಿಮಿಷ. ಇಡ್ಸಿದ್ದು ನಾನು. ಗಿರಿಜಾ ಒತ್ತಿದ್ದು ನಾನ್ ಹೇಳಿದ್ದಕ್ಕೆ."

ಮಂಜುನಾಥನ ಮುಖ ಅರಳಿತು. ಕಾಂಟ್ರಾಕ್ಟರ್ ಕಡೆ ತಿರುಗಿದ. "ನಾನ್ ಹೇಳ್ಲಿಲ್ವಾ? ಅದಕ್ಕೇ ಗೊತ್ತಿರೋರ ಕೈಗೆ ಕೊಡ್ಬೇಕು ಅನ್ನೋದು."

"ಗೊತ್ತಿರೋರ? ಬಾ ಇಲ್ಲಿ." ಗೋಡೆಗೆ ಅಂಟಿಸಿದ್ದ ಅವನ ಪಟ್ಟಿಯ ಮುಂದೆ ನಿಲ್ಲಿಸಿದೆ. "ಹನ್ನೊಂದು ಐತೆ. ಓದು. ಟೈಮ್ ನೋಡಿ ಅಂತ ಎಲ್ಲೈತೆ ತೋರ್ಸು."

ಅವನು ಓದಿದ. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಇರಲಿಲ್ಲ. "ಈಗ ಆ ಮೊಬೈಲ್ ತಗೊಂಡು ನೀನೇ ಟೈಮ್ ಮುಂದಕ್ಕಿಡು. ಕೋಡ್ ಹಿಡಿ" ಎಂದೆ. ಹಿಡಿದ, ಕೆಂಪು. ಟೈಮ್ ಸರಿ ಮಾಡಿ ಹಿಡಿದ, ಹಸಿರು. ಮೂರು ಸಲ ಮಾಡಿ ನೋಡಿದ. ಮೂರನೆಯ ಸಲಕ್ಕೆ ಅವನ ಮುಖದಲ್ಲಿ ಸೂಪರ್‌ವೈಸರ್ ಹೋಗಿ ಕಲಿಯುವವನು ಬಂದಿದ್ದ.

ನಾನು ಕಾಂಟ್ರಾಕ್ಟರ್ ಕಡೆ ತಿರುಗಿದೆ. "ಏನ್ರೀ, ನಾಳೆ ನಿಮ್ ಜನ ಹಿಂಗೇ ಏನೋ ಮುಟ್ಟಿ ಕೆಂಪು ಬಂತು ಅನ್ಕಳಿ. ಪಟ್ಟಿನಾಗಿಲ್ಲದ ತಪ್ಪು. ಏನ್ ಮಾಡ್ತೀರ?"

ಅವನು ಪಾಪ, ಒಳ್ಳೆಯವನೇ ಇದ್ದಿರಬೇಕು, ನಿಜ ಹೇಳಿದ. "ಮಂಜುನಾಥ್ ಸಾರಿಗೆ ಫೋನ್ ಮಾಡ್ತೀನಿ ಅಜ್ಜಿ."

ಒಂಬತ್ತು ಜನರೂ ನಕ್ಕ ನಗೆಗೆ ಲಾರಿಯ ಡ್ರೈವರು ಇಳಿದು ಬಂದು ಇಣುಕಿದ.

"ಕೇಳ್ಕೊಂಡ್ಯಾ?" ಎಂದೆ ಮಂಜುನಾಥನಿಗೆ. "ತಪ್ಪು ಮಾಡಿದ್ದು ನಾನು. ಹುಡುಕಿದ್ದೂ ನಾನೇ. ಬಸ್ ಹತ್ತಿ ಕಂದಿಕೆರೆಗೆ ಹೋಗಿ ಹುಡುಕಿದ್ದು. ತಪ್ಪೇ ಮಾಡದೋರು ಬೇಕು ಅಂದ್ರೆ ಬೇರೆ ಲೋಕದಿಂದ ಕರ್ಕೊಂಬಾ. ಆ ಕಾಗದಕ್ಕೆ ನಾನು ಸಹಿ ಹಾಕಲ್ಲ."

"ಆಫೀಸಿಗೆ ಏನ್ ಹೇಳ್ಲಿ ಅಜ್ಜಿ?"

"ಇದ್ದಿದ್ದು ಹೇಳು. ಅಜ್ಜಿ ಕೆಡಿಸಿದ್ಲು, ಅಜ್ಜಿನೇ ಸರಿ ಮಾಡಿದ್ಲು ಅಂತ. ಪಟ್ಟಿಗೆ ಹನ್ನೆರಡನೇದು ಸೇರ್ಸಿ ಅಂತಾನೂ ಹೇಳು. ಇನ್ನೊಂದೈತೆ. ಬೈದಿದ್ದು ಎಲ್ಲರ ಮುಂದೆ, ಗಿರಿಜಂಗೆ ಒಂದ್ಮಾತು ಎಲ್ಲರ ಮುಂದೇನೇ ಹೇಳೋಗು."

ಅವನು ಚಪ್ಪಲಿ ನೋಡಿಕೊಂಡು, "ತಪ್ಪಾಯ್ತಮ್ಮ" ಎಂದ. ಸಣ್ಣ ದನಿ, ಆದರೂ ಕೇಳಿಸಿತು. ಅವನಾದ ಮೇಲೆ ನನ್ನ ಸರದಿ ಇತ್ತು. ನಾನೂ ಹೇಳಿದೆ. ನನ್ನ ದನಿಯೂ ದೊಡ್ಡದಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಚೀಲವೂ ಲಾರಿ ಹತ್ತಿದವು. ಕಾಗದ ಸಹಿಯಿಲ್ಲದೆ ತಿಪಟೂರಿಗೆ ವಾಪಸ್ಸಾಯಿತು. ಶೆಡ್ಡು ಇವತ್ತಿಗೂ ನಮ್ಮದೇ.

ಈಗ ಬೇರೆ ಶೆಡ್ಡುಗಳವರು ಕೆಂಪು ಬಂದಾಗ ನನಗೇ ಫೋನ್ ಮಾಡುತ್ತಾರೆ. ಬ್ರೌಸರು, ಆ್ಯಪು ಇವುಗಳ ಒಳಗೇನಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: "ನಿನ್ನೆ ಸರಿ ಇತ್ತಲ್ಲ, ಆಮೇಲೆ ಏನು ಮುಟ್ಟಿದ್ರಿ? ಹೇಳಿ, ಬೈಯಲ್ಲ." ಆ ಕೊನೆಯ ಮಾತು ಹೇಳದಿದ್ದರೆ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಗೆಂದು ಬೈಯುವುದನ್ನು ನಾನು ಬಿಟ್ಟಿಲ್ಲ. ಹಸಿರು ಬಿದ್ದ ಮೇಲೆ ಬೈಯುತ್ತೇನೆ.